ಫ್ಲೋರಾ ಫೌಂಟನ್ನಿನ ಸಾಹೇಬನೂ ಬಂಡೆಯ ಹೂವೂ

ಮೊನ್ನೆ ಜರ್ಮನಿಯಲ್ಲಿರುವ ಅಕ್ಕನ ಮಗ ಒಂದು ಫೋಟೋ ಕಳಿಸಿದ. ಅವನ ಪಕ್ಕದ ಮನೆಯವರ ಕಿಟಕಿಯಲ್ಲಿ ಪುಟ್ಟ ಕುಂಡ, ಅದರಲ್ಲಿ ಬೆರಳು ದಪ್ಪದ ಹಸಿರು ಕಾಂಡ, ಅದಕ್ಕೆ ನಕ್ಷತ್ರದಂಥ ಹೂವು. ಕಡುಗೆಂಪು ಬಣ್ಣ, ಮೇಲೆ ಹಳದಿ ಗುರುತು. "ಮಾವ, ಇದು ನಿಮ್ಮ ಮುಂಬಯಿ ಕಡೆಯ ಗಿಡವಂತೆ. ಫ್ರೇರಿಯಾ ಅಂತ ಹೆಸರು. ಅಳಿದು ಹೋಗ್ತಾ ಇದೆ ಅಂತಾರೆ, ಇಲ್ಲಿ ನೋಡಿದ್ರೆ ನರ್ಸರಿಯಲ್ಲೇ ಸಿಗುತ್ತೆ!" ಎಂದು ಬರೆದಿದ್ದ.

ಫ್ರೇರ್ ಎಂಬ ಹೆಸರು ನೋಡಿ ನನಗೆ ಹಳೆಯದೆಲ್ಲ ನೆನಪಾಯಿತು. ಊರಿಂದ ಬಂದ ಹೊಸತರಲ್ಲಿ ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ಸಂಜೆ ರಾತ್ರಿಶಾಲೆ. ದಿನಾ ಫ್ಲೋರಾ ಫೌಂಟನ್ ದಾಟಿಯೇ ಹೋಗಬೇಕು. ಮೇಲೆ ನಿಂತ ಕಲ್ಲಿನ ಹೆಂಗಸು ರೋಮನರ ಹೂವಿನ ದೇವತೆ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. 1864ರಲ್ಲಿ ಎದ್ದ ಆ ಕಾರಂಜಿಗೆ ಮೊದಲು ಇಡಬೇಕೆಂದಿದ್ದ ಹೆಸರು ಆಗಿನ ಗವರ್ನರ್ ಬಾರ್ಟಲ್ ಫ್ರೇರ್ ಸಾಹೇಬನದು. ಕೋಟೆಯ ಗೋಡೆ ಕೆಡವಿಸಿ ಇಂದಿನ ಫೋರ್ಟಿಗೆ ದಾರಿ ಮಾಡಿದವನೂ ಅವನೇ. ಕಾರಂಜಿ ಕೈತಪ್ಪಿದರೂ ಸಾಹೇಬನ ಹೆಸರು ಒಂದು ಹೂವಿಗೆ ಹತ್ತಿಕೊಂಡಿತು. ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಡಾಲ್ಜೆಲ್ 1860ರ ದಶಕದಲ್ಲಿ ಈ ಗಿಡವನ್ನು ವರ್ಣಿಸಿ 'ಫ್ರೇರಿಯಾ ಇಂಡಿಕಾ' ಎಂದು ಕರೆದ. ಈಗಿನ ಸಸ್ಯಶಾಸ್ತ್ರಜ್ಞರು ಇದನ್ನು ಬೇರೆ ಕುಲಕ್ಕೆ ಸೇರಿಸಿ 'ಬೌಸೆರೋಸಿಯಾ ಫ್ರೇರೈ' ಎನ್ನುತ್ತಾರೆ. ಅಂದರೆ ಸಾಹೇಬ ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಹೋದ, ಅಷ್ಟೇ! ಮರಾಠಿಯವರಿಗೆ ಮಾತ್ರ ಇದು ಶಿಂದಳ ಮಾಕುಡಿ.

ನಮ್ಮ ಎಕ್ಕದ ದೂರದ ನೆಂಟನಂಥ ಗಿಡ ಇದು. ಬೆಳೆಯುವುದು ಕಡಿದಾದ ಬಂಡೆಯ ಸಂದಿನಲ್ಲಿ, ಜೋತುಬಿದ್ದುಕೊಂಡು. ಮಳೆಗಾಲದಲ್ಲಿ ಎಲೆ, ಅದರ ಬೆನ್ನಿಗೇ ಹೂವು. ಬೇಸಗೆ ಬಂತೆಂದರೆ ಎಲೆಯೆಲ್ಲ ಉದುರಿ, ನೀರು ತುಂಬಿಕೊಂಡ ಕಾಂಡವಷ್ಟೇ ಬಂಡೆಗಂಟಿಕೊಂಡು ಮುಂದಿನ ಮಳೆ ಕಾಯುತ್ತದೆ. ಪರಾಗ ಸಾಗಿಸುವುದು ನೊಣಗಳ ಕೆಲಸ. ಬೀಜಕ್ಕೆ ಎಕ್ಕದ ಬೀಜದಂತೆಯೇ ರೇಷ್ಮೆ ಕುಚ್ಚು, ಗಾಳಿ ಒಯ್ದಲ್ಲಿಗೆ ಹೋಗಬೇಕು. ಬಿದ್ದ ಕಡೆ ಸರಿಯಾದ ಸಂದು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಡೀ ಜಗತ್ತಿನಲ್ಲಿ ಇದು ತಾನಾಗಿ ಬೆಳೆಯುವುದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಮಾತ್ರ, ಪುಣೆ, ಸಾತಾರಾ ಮೊದಲಾದ ಜಿಲ್ಲೆಗಳ ಬೆರಳೆಣಿಕೆಯ ಜಾಗಗಳಲ್ಲಿ. ಅವುಗಳಲ್ಲಿ ಜುನ್ನರ್ ಪಕ್ಕದ ಶಿವನೇರಿಯೂ ಒಂದು. ನಮ್ಮ ಸಂಘದವರು ಅಷ್ಟವಿನಾಯಕ ಯಾತ್ರೆಗೆ ಬಸ್ಸು ಮಾಡುತ್ತಾರಲ್ಲ, ಲೇಣ್ಯಾದ್ರಿಯ ಮೆಟ್ಟಿಲು ಹತ್ತಿ ನಿಂತು ನೋಡಿದರೆ ಆಚೆಗೆ ಕಾಣುವುದು ಅದೇ ಬೆಟ್ಟ. ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಅಲ್ಲಿ ಇಂಥದ್ದೊಂದು ಇದೆಯೆಂದು ಗೊತ್ತಿರಲಿಲ್ಲ.

ಇನ್ನು ಅಳಿಯನ ಪ್ರಶ್ನೆ. ಅವನ ಮಾತಿನಲ್ಲಿ ಸುಳ್ಳಿಲ್ಲ. ಈ ಗಿಡದ ಕಡ್ಡಿ ಮುರಿದು ನೆಟ್ಟರೆ ಬೇರು ಬಿಡುತ್ತದೆ, ಯುರೋಪಿನ ಹವ್ಯಾಸಿಗಳು ಅದನ್ನು ಹಾಗೆಯೇ ಹಂಚಿಕೊಂಡು ಬೆಳೆಸಿದ್ದಾರೆ. ನಮ್ಮ ಸರಕಾರ 1990ರ ದಶಕದಲ್ಲಿ ಕಾಡಿನಿಂದ ಕಿತ್ತು ರಫ್ತು ಮಾಡಬಾರದ ಗಿಡಗಳ ಪಟ್ಟಿ ಮಾಡಿದಾಗ ಶಿಂದಳ ಮಾಕುಡಿಯನ್ನೂ ಸೇರಿಸಿತು. ಅಷ್ಟರಲ್ಲಿ ಅದು ಎಂದೋ ಹಡಗು ಹತ್ತಿತ್ತು.

ಆದರೆ ಕುಂಡದ ಲೆಕ್ಕವನ್ನು ಬಂಡೆಯ ಲೆಕ್ಕಕ್ಕೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಕಡ್ಡಿಯಿಂದ ಎದ್ದ ಸಾವಿರ ಗಿಡವೂ ಆ ಒಂದೇ ತಾಯಿಗಿಡದ ಪ್ರತಿ. ಶಿವನೇರಿಯ ಗಿಡಕ್ಕೂ ಸಾತಾರಾದ ಗಿಡಕ್ಕೂ ಇರಬಹುದಾದ ವ್ಯತ್ಯಾಸ ಅದರಲ್ಲಿ ಬರುವುದಿಲ್ಲ. ಜರ್ಮನಿಯ ಕಿಟಕಿಗೆ ಸಹ್ಯಾದ್ರಿಯ ನೊಣ ಹೋಗುವುದಿಲ್ಲ, ಬೀಜ ಹಾರಿ ಹೋಗಲು ಬಂಡೆಯೂ ಇಲ್ಲ. ಕುಂಡಗಳು ಬೇಕು, ನಾಳೆ ಏನಾದರೂ ಆದರೆ ತಂದು ನೆಡಲಿಕ್ಕೆ. ನೆಡಲು ಜಾಗವೇ ಇಲ್ಲದಿದ್ದರೆ?

ಜಾಗ ಹೋಗಲು ದೊಡ್ಡ ಕಾರಣವೇ ಬೇಕಿಲ್ಲ. ಒಂದು ಮಳೆಗಾಲದ ಭೂಕುಸಿತ, ರಸ್ತೆಗೆಂದು ಕಡಿದ ಗುಡ್ಡ, ಬೇಸಗೆಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿ, ಆಡಿನ ಬಾಯಿ ಸಾಕು. ಕೋಟೆ ಸ್ವಚ್ಛತೆಯ ಉತ್ಸಾಹದಲ್ಲಿ ಬಂಡೆ ಕೆರೆದರೂ ಸಾಕು. ಬೇಸಗೆಯಲ್ಲಿ ಎಲೆಯಿಲ್ಲದ ಈ ಕಾಂಡವನ್ನು ನೋಡಿದರೆ ಯಾರಿಗಾದರೂ ಕಸವೆಂದೇ ಅನಿಸೀತು. ಹಾಗಾಗಿ ದುರಸ್ತಿಗೆ ಮುಂಚೆ, ಮಳೆಗಾಲದಲ್ಲಿ, ಎಲೆ ಹೂವು ಇರುವಾಗ ಬಲ್ಲವರೊಬ್ಬರನ್ನು ಕರೆದು ತೋರಿಸಿಕೊಳ್ಳಲಿ. ಖರ್ಚೇನೂ ದೊಡ್ಡದಲ್ಲ. ಟ್ರೆಕ್ಕಿಂಗ್ ಹೋಗುವ ನಮ್ಮ ಹುಡುಗರಿಗೂ ಒಂದು ಮಾತು: ಹೂ ಕಂಡರೆ ಫೋಟೋ ತೆಗೆಯಿರಿ, ಯಾವ ಬಂಡೆ, ಯಾವ ತಿರುವು ಎಂದು ಊರಿಗೆಲ್ಲ ಸಾರಬೇಡಿ. ಕೀಳುವವರೂ ಅದನ್ನೇ ಓದುತ್ತಾರೆ.

ಇಷ್ಟು ಗಟ್ಟಿಯಾಗಿ ಹೇಳಲು ನನಗೇನು ಹಕ್ಕು ಎಂದೂ ಅನಿಸಿತು. ಊರಿನ ಮಣ್ಣು ಬಿಟ್ಟು ಬಂದು ಡೊಂಬಿವಲಿಯ ಮೂರನೇ ಮಾಳಿಗೆಯಲ್ಲಿ ಬೇರು ಬಿಟ್ಟವನು ನಾನೂ. ಚೆನ್ನಾಗಿಯೇ ಇದ್ದೇನೆ. ಆದರೂ ನಮ್ಮ ಮನೆತನ ಊರಲ್ಲಿ ಇನ್ನೂ ಇದೆಯೇ ಎಂದು ಯಾರಾದರೂ ಕೇಳಿದರೆ, ಬೀಗ ಹಾಕಿದ ಆ ಮನೆ ನೆನಪಾಗಿ, ಹೌದು ಎನ್ನಲು ನಾಲಗೆ ತಡವರಿಸುತ್ತದೆ.

ಅಳಿಯನಿಗೆ ಇಷ್ಟೆಲ್ಲ ಬರೆಯಲಿಲ್ಲ. ಚಳಿಗಾಲದಲ್ಲಿ ಎಲೆ ಉದುರಿದರೆ ಗಿಡ ಸತ್ತಿತೆಂದು ಬಿಸಾಡಬೇಡಿ, ನೀರನ್ನೂ ಸುರಿಯಬೇಡಿ ಎಂದು ಪಕ್ಕದ ಮನೆಯವರಿಗೆ ಹೇಳು ಎಂದೆ. ಮುಂದಿನ ಮಳೆಗಾಲಕ್ಕೆ ಇಲ್ಲಿಗೆ ಬಂದರೆ ಜುನ್ನರಿಗೆ ಹೋಗೋಣ ಎಂದೂ ಬರೆದಿದ್ದೇನೆ. ರಜೆ ಸಿಗಬೇಕಂತೆ.