ದುಡಿಮೆ ಯಾರದೋ, ಮುಖ ಯಾರದೋ

2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜು ಸಂಸ್ಥೆಯೊಂದು ಆಳೆತ್ತರದ ಗೊಂಬೆಯೊಂದನ್ನು 10.8 ಲಕ್ಷ ಯುವಾನ್‌ಗೆ, ಎಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 1.3 ಕೋಟಿ ರೂಪಾಯಿಗೆ ಮಾರಿತು. ಮೊಲದ ಕಿವಿ, ತುಂಟ ಕಣ್ಣು, ಕಿಸಿದ ಹಲ್ಲುಗಳ ಆ ಜೀವಿಯ ಹೆಸರು ಲಬುಬು. ಹಣವಂತರ ಹುಚ್ಚು ಎಂದು ನಕ್ಕು ಮರೆಯಬಹುದಾದ ಸುದ್ದಿಯೇನೋ ಹೌದು. ಆದರೆ ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಬೇರೊಂದು ಪ್ರಶ್ನೆ ಕಾಣುತ್ತದೆ. ಇಂಥ ಗೊಂಬೆಯ ಹಿಂದೆ ಹಲವರ ದುಡಿಮೆ ಇರುತ್ತದೆ. ಮುಖವನ್ನು ಕಲ್ಪಿಸಿದವರು, ಅಚ್ಚು ಹೊಯ್ದವರು, ಬಣ್ಣ ಹಚ್ಚಿದವರು, ಪರದೆಯ ಮೇಲೆ ಅದನ್ನು ಕುಣಿಸುವವರು. ಇವರಲ್ಲಿ ಲಾಭ ಯಾರ ಪಾಲಿಗೆ, ಕೂಲಿ ಯಾರ ಪಾಲಿಗೆ? ಬೊಂಬೆನಾಡು ಚನ್ನಪಟ್ಟಣವನ್ನೂ ಅನಿಮೇಷನ್ ಕಾರ್ಯಾಗಾರಗಳ ಬೆಂಗಳೂರನ್ನೂ ಅಕ್ಕಪಕ್ಕದಲ್ಲೇ ಹೊಂದಿರುವ ನಾವು ಈ ಪ್ರಶ್ನೆಯನ್ನು ಲಘುವಾಗಿ ಪರಿಗಣಿಸುವಂತಿಲ್ಲ.

‘ಡಿಸೈನರ್ ಟಾಯ್’ ಎಂದು ಕರೆಯಲಾಗುವ ಈ ಗೊಂಬೆಗಳು ಮೂಲತಃ ಮಕ್ಕಳ ಆಟಿಕೆಗಳಲ್ಲ. ಕಲಾವಿದನೊಬ್ಬ ಕಲ್ಪಿಸಿ, ಸೀಮಿತ ಸಂಖ್ಯೆಯಲ್ಲಿ ತಯಾರಿಸಿ, ವಯಸ್ಕ ಸಂಗ್ರಹಕಾರರಿಗೆ ಮಾರುವ ಕಿರುಶಿಲ್ಪಗಳು. ಇವುಗಳ ಹುಟ್ಟು 1990ರ ದಶಕದ ಕೊನೆಯ ಹಾಂಗ್‌ಕಾಂಗ್ ಮತ್ತು ಟೋಕಿಯೊಗಳಲ್ಲಿ. ಹಾಂಗ್‌ಕಾಂಗ್‌ನ ಮೈಕೆಲ್ ಲಾವ್ 1999ರಲ್ಲಿ ‘ಗಾರ್ಡನರ್’ ಸರಣಿಯ 99 ಗೊಂಬೆಗಳನ್ನು ಪ್ರದರ್ಶಿಸಿದರು. ಜಪಾನಿನ ಮೆಡಿಕಾಮ್ ಸಂಸ್ಥೆ 2001ರಲ್ಲಿ ‘ಬೇರ್‌ಬ್ರಿಕ್’ ಎಂಬ ಕರಡಿಯಾಕಾರವನ್ನು ಹೊರತಂದಿತು. ಮರುವರ್ಷ ಅಮೆರಿಕದಲ್ಲಿ ಕಿಡ್‌ರೋಬಾಟ್ ಆರಂಭವಾಯಿತು. ಈ ಕಲೆ ಪೂರ್ವ ಏಷ್ಯಾದಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ. ಹಾಂಗ್‌ಕಾಂಗ್‌ನ ಬೆನ್ನಿಗೇ ಗುವಾಂಗ್‌ಡಾಂಗ್‌ನ ಆಟಿಕೆ ಕಾರ್ಖಾನೆಗಳಿದ್ದವು. ಜಪಾನಿನಲ್ಲಿ ಲೋಹದ ಅಚ್ಚಿಗೆ ದ್ರವರೂಪದ ವಿನೈಲ್ ಹೊಯ್ದು, ಬಿಸಿ ಮಾಡಿ ಟೊಳ್ಳು ಗೊಂಬೆ ತೆಗೆಯುವ ಹಳೆಯ ಕಸುಬಿತ್ತು. ಭಾರಿ ಉಕ್ಕಿನ ಅಚ್ಚುಗಳಿಗೆ ಹೋಲಿಸಿದರೆ ಇದರ ವೆಚ್ಚ ಕಡಿಮೆ. ಆದುದರಿಂದಲೇ ಕೆಲವು ನೂರು ಗೊಂಬೆಗಳನ್ನಷ್ಟೇ ಮಾಡಿಸುವುದು ಒಬ್ಬ ಕಲಾವಿದನ ಶಕ್ತಿಗೆ ನಿಲುಕಿತು.

ಕೌಶಲದ ದೃಷ್ಟಿಯಿಂದ ಇದು ಅನಿಮೇಷನ್ನಿನ ಸೋದರ ಕಲೆ. ಎರಡರ ಆರಂಭವೂ ಒಂದೇ ಹಾಳೆಯ ಮೇಲೆ. ಪಾತ್ರದ ಮುನ್ನೋಟ, ಪಕ್ಕದ ನೋಟ, ಹಿನ್ನೋಟಗಳನ್ನು ಒಂದೇ ಅಳತೆಯಲ್ಲಿ ಬರೆಯಬೇಕು. ಕಪ್ಪು ನೆರಳಾಗಿ ಕಂಡರೂ ಇಂಥದೇ ಪಾತ್ರ ಎಂದು ಗುರುತು ಸಿಗಬೇಕು. ಈಗ ಕಂಪ್ಯೂಟರಿನಲ್ಲಿ ಮೂರು ಆಯಾಮಗಳಲ್ಲಿ ಕೆತ್ತಿದ ಅದೇ ಆಕೃತಿಯಿಂದ ಚಲನಚಿತ್ರವೂ ಆಗುತ್ತದೆ, ಮುದ್ರಣ ಯಂತ್ರದಿಂದ ಅಚ್ಚಿನ ಮಾದರಿಯೂ ಹೊರಬರುತ್ತದೆ. ವ್ಯತ್ಯಾಸ ಒಂದೇ. ಪರದೆಯ ಪಾತ್ರಕ್ಕೆ ನಡಿಗೆ, ಮಾತು, ಕಥೆಗಳ ಆಸರೆಯಿದೆ. ಗೊಂಬೆ ಮಾತ್ರ ನಿಂತ ಭಂಗಿಯೊಂದರಲ್ಲೇ ತನ್ನ ಸ್ವಭಾವವನ್ನೆಲ್ಲ ಹೇಳಬೇಕು.

ಇನ್ನು ಒಡೆತನದ ವಿಚಾರ. ಅನಿಮೇಷನ್ ಉದ್ಯಮದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪಾಠದ ಇತಿಹಾಸವೇ. 1928ರಲ್ಲಿ ವಾಲ್ಟ್ ಡಿಸ್ನಿ ತಾವು ಜನಪ್ರಿಯಗೊಳಿಸಿದ ‘ಆಸ್ವಾಲ್ಡ್’ ಎಂಬ ಮೊಲಕ್ಕೆ ಹೆಚ್ಚಿನ ದರ ಕೇಳಲು ನ್ಯೂಯಾರ್ಕಿಗೆ ಹೋದರು. ಆ ಪಾತ್ರದ ಹಕ್ಕು ತಮ್ಮದಲ್ಲ, ಯೂನಿವರ್ಸಲ್ ಸಂಸ್ಥೆಯದು ಎಂಬ ಸತ್ಯ ಅಲ್ಲಿ ಅವರಿಗೆ ಎದುರಾಯಿತು. ಅದೇ ವರ್ಷ ಹುಟ್ಟಿದ ಮಿಕಿ ಮೌಸ್‌ನ ಒಡೆತನವನ್ನು ಅವರು ಬಿಟ್ಟುಕೊಡಲಿಲ್ಲ. 1930ರ ದಶಕದ ಆರಂಭದಲ್ಲೇ ಮಿಕಿಯ ಗೊಂಬೆಗಳು, ಕೈಗಡಿಯಾರಗಳು ಮಾರುಕಟ್ಟೆಗೆ ಬಂದವು. 1963ರಲ್ಲಿ ಜಪಾನಿನ ಒಸಾಮು ತೆಜುಕಾ ‘ಆಸ್ಟ್ರೊ ಬಾಯ್’ ಸರಣಿಯನ್ನು ಖರ್ಚಿಗಿಂತ ಕಡಿಮೆ ಬೆಲೆಗೆ ದೂರದರ್ಶನಕ್ಕೆ ಕೊಟ್ಟು, ಪಾತ್ರದ ಚಿತ್ರವಿರುವ ಸರಕುಗಳ ಮೂಲಕ ನಷ್ಟ ತುಂಬಿಸಿಕೊಂಡರು. 1979ರ ‘ಗುಂಡಮ್’ ಸರಣಿ ಅವಧಿಗೆ ಮುನ್ನವೇ ನಿಂತುಹೋಯಿತು. 1980ರಲ್ಲಿ ಬಂಡೈ ಸಂಸ್ಥೆ ಹೊರತಂದ ಪ್ಲಾಸ್ಟಿಕ್ ಮಾದರಿಗಳು ಅದಕ್ಕೆ ಮರುಜೀವ ಕೊಟ್ಟವು. ಚಿತ್ರವು ಗೊಂಬೆಯನ್ನು ಮಾರುತ್ತದೆ ಎಂದು ನಾವು ತಿಳಿದಿದ್ದೇವೆ. ಗೊಂಬೆಯೇ ಚಿತ್ರವನ್ನು ಉಳಿಸಿದ ಉದಾಹರಣೆ ಇದು.

ಡಿಸೈನರ್ ಗೊಂಬೆ ಈ ಕಥೆಯಲ್ಲಿ ತಂದ ಹೊಸತನವೆಂದರೆ, ದೊಡ್ಡ ಸ್ಟುಡಿಯೊ ಇಲ್ಲದೆಯೂ ವ್ಯಕ್ತಿಯೊಬ್ಬ ಒಂದು ಪಾತ್ರದ ಒಡೆಯನಾಗಬಲ್ಲ ಎಂಬುದು. ‘ಕಾಸ್’ ಎಂಬ ಹೆಸರಿನಿಂದ ಪ್ರಸಿದ್ಧರಾದ ಅಮೆರಿಕದ ಬ್ರಿಯಾನ್ ಡಾನೆಲಿ 1990ರ ದಶಕದಲ್ಲಿ ಅನಿಮೇಷನ್ ಸರಣಿಗಳಿಗೆ ಹಿನ್ನೆಲೆಯ ದೃಶ್ಯಗಳನ್ನು ಬರೆಯುವ ಕೆಲಸ ಮಾಡುತ್ತಿದ್ದರು. 1999ರಲ್ಲಿ ಟೋಕಿಯೊದಲ್ಲಿ ‘ಕಂಪ್ಯಾನಿಯನ್’ ಎಂಬ ಗೊಂಬೆಯ 500 ಪ್ರತಿಗಳನ್ನು ಹೊರತಂದರು. 2019ರಲ್ಲಿ ಅವರ ಚಿತ್ರವೊಂದು ಹಾಂಗ್‌ಕಾಂಗ್ ಹರಾಜಿನಲ್ಲಿ ಸುಮಾರು 11.6 ಕೋಟಿ ಹಾಂಗ್‌ಕಾಂಗ್ ಡಾಲರ್‌ಗಳಿಗೆ ಮಾರಾಟವಾಯಿತು. ಲಬುಬುವಿನ ಹಾದಿಯೂ ಇಂಥದೇ. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಕಾಸಿಂಗ್ ಲುಂಗ್ 2015ರಲ್ಲಿ ತಮ್ಮ ಚಿತ್ರಪುಸ್ತಕಗಳಿಗಾಗಿ ಈ ಪಾತ್ರವನ್ನು ಸೃಷ್ಟಿಸಿದರು. 2019ರಲ್ಲಿ ಚೀನಾದ ಪಾಪ್ ಮಾರ್ಟ್ ಕಂಪನಿಯೊಡನೆ ಒಪ್ಪಂದವಾಯಿತು. 2024ರಲ್ಲಿ ಆ ಕಂಪನಿಯ ವರಮಾನ 1,304 ಕೋಟಿ ಯುವಾನ್. ಅದರಲ್ಲಿ 304 ಕೋಟಿ ಲಬುಬು ಮತ್ತು ಅದರ ಬಳಗದಿಂದಲೇ ಬಂದದ್ದು. 2025ರ ನವೆಂಬರ್‌ನಲ್ಲಿ ಸೋನಿ ಪಿಕ್ಚರ್ಸ್ ಲಬುಬು ಚಲನಚಿತ್ರದ ಹಕ್ಕು ಪಡೆದುದಾಗಿ ವರದಿಯಾಯಿತು. ಗೊಂಬೆ ಮೊದಲು, ಸಿನಿಮಾ ಆಮೇಲೆ.

ಇದೆಲ್ಲ ನಾಲ್ಕು ದಿನದ ಗೀಳು ಎಂಬ ಆಕ್ಷೇಪಣೆಯನ್ನು ನಾನು ಬಲ್ಲೆ. 2025ರ ಸೆಪ್ಟೆಂಬರ್ ಹೊತ್ತಿಗೇ ಲಬುಬುವಿನ ಮರುಮಾರಾಟದ ಬೆಲೆ ಇಳಿಮುಖವಾಗಿತ್ತು. ಆದರೆ ಬೆಲೆಯ ಉಬ್ಬರ ಬೇರೆ, ಪಾತ್ರದ ಆಯುಸ್ಸು ಬೇರೆ. 1974ರಲ್ಲಿ ಹುಟ್ಟಿದ ಹಲೊ ಕಿಟ್ಟಿ ಎಂಬ ಬಾಯಿಯಿಲ್ಲದ ಬೆಕ್ಕು ಅರ್ಧ ಶತಮಾನದಿಂದ ತನ್ನ ಒಡೆಯರಿಗೆ ಗೌರವಧನ ದುಡಿದು ಕೊಡುತ್ತಿದೆ.

ಈಗ ನಮ್ಮ ಮನೆಯತ್ತ ನೋಡೋಣ. ಬೆಂಗಳೂರಿನ ಕಲಾವಿದರ ಕೈಚಳಕ ಯಾರಿಗೂ ಕಡಿಮೆಯಲ್ಲ. 2019ರ ‘ದಿ ಲಯನ್ ಕಿಂಗ್’ ಚಿತ್ರದ ದೃಶ್ಯಗಳಲ್ಲಿ ಅವರ ಶ್ರಮವೂ ಸೇರಿತ್ತು. ಆದರೆ ಸಿಂಹ ಅವರದಲ್ಲ. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು ಮತ್ತು ಮುಂಬೈಗಳಲ್ಲಿ ಸಾವಿರಾರು ಮಂದಿ ಹಠಾತ್ತನೆ ಕೆಲಸ ಕಳೆದುಕೊಂಡರು. ವರ್ಷಗಟ್ಟಲೆ ಜಗತ್ಪ್ರಸಿದ್ಧ ಪಾತ್ರಗಳನ್ನು ಕುಣಿಸಿದವರ ಕೈಯಲ್ಲಿ, ಮನೆಗೆ ಒಯ್ಯಲು, ತಮ್ಮದೆನ್ನುವ ಒಂದು ಪಾತ್ರವೂ ಇರಲಿಲ್ಲ.

ಚನ್ನಪಟ್ಟಣದ ಸ್ಥಿತಿ ಇದರ ಇನ್ನೊಂದು ಮುಖ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಅಲ್ಲಿನ ಕಸುಬಿಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದು ಸ್ವಾಗತಾರ್ಹವೇ. ಆದರೆ ಆ ಹಕ್ಕು ರಕ್ಷಿಸುವುದು ಊರಿನ ಹೆಸರನ್ನು ಮತ್ತು ಆ ಊರಿನ ಕಸುಬನ್ನು. ಒಬ್ಬ ಕುಶಲಕರ್ಮಿ ಹೊಸದಾಗಿ ಕಲ್ಪಿಸಿದ ಬೊಂಬೆಯ ಮುಖವನ್ನು ಅದು ರಕ್ಷಿಸುವುದಿಲ್ಲ. ಒಂದೆಡೆ ಪಾತ್ರವಿಲ್ಲದ ಕಸುಬು, ಇನ್ನೊಂದೆಡೆ ಒಡೆತನವಿಲ್ಲದ ಕಲೆ. ಇವೆರಡರ ನಡುವಿನ ಅಂತರ ಸುಮಾರು ಅರವತ್ತು ಕಿಲೋಮೀಟರ್ ಅಷ್ಟೇ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಕರ್ನಾಟಕವು 2012ರಲ್ಲೇ ಅನಿಮೇಷನ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ರೂಪಿಸಿತು. 2024ರಲ್ಲಿ ಐದು ವರ್ಷಗಳ ಹೊಸ ನೀತಿಯನ್ನೂ ಪ್ರಕಟಿಸಿತು. ಆದರೆ ಸುಂಕವು ಗಡಿಯಲ್ಲಿ ಪ್ಲಾಸ್ಟಿಕ್ಕನ್ನು ತಡೆಯಬಲ್ಲದೇ ಹೊರತು ಮುಖವನ್ನಲ್ಲ. ವಿದೇಶಿ ಪಾತ್ರದ ಗೊಂಬೆಯನ್ನು ಇಲ್ಲಿಯೇ ತಯಾರಿಸಿದರೂ ಅದರ ಗೌರವಧನ ಹೊರಗೆ ಹರಿಯುತ್ತದೆ. ಸರ್ಕಾರಿ ಸೇವೆಯ ವರ್ಷಗಳಲ್ಲಿ ನಾನು ಕಂಡ ಕೈಗಾರಿಕಾ ಪ್ರೋತ್ಸಾಹದ ಕಡತಗಳಲ್ಲಿ ಜಮೀನು, ವಿದ್ಯುತ್, ಬಂಡವಾಳ, ಉದ್ಯೋಗ ಎಂಬ ನಾಲ್ಕು ಕಲಂಗಳು ತಪ್ಪದೆ ಇರುತ್ತಿದ್ದವು. ತಯಾರಾಗುವ ವಸ್ತುವಿನ ಬೌದ್ಧಿಕ ಹಕ್ಕು ಯಾರದು ಎಂಬ ಐದನೆಯ ಕಲಂ ಇರುತ್ತಿರಲಿಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕಿಂತ ದೊಡ್ಡ ತೊಡಕೊಂದಿದೆ. ಕಲಾವಿದನ ಚಿತ್ರಕ್ಕೆ ಕೃತಿಸ್ವಾಮ್ಯ ಅವನ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಣಿಗೆ ಅರ್ಹವಾದ ವಿನ್ಯಾಸವೊಂದನ್ನು ನೋಂದಾಯಿಸದೆ, ಅದನ್ನು ಅಳವಡಿಸಿದ ವಸ್ತುವನ್ನು ಒಡೆಯನೇ ಆಗಲಿ, ಅವನ ಪರವಾನಗಿ ಪಡೆದವರೇ ಆಗಲಿ ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಅಲ್ಲಿಗೆ ಕೊನೆಗೊಳ್ಳುತ್ತದೆ. ಎಂದರೆ ಐವತ್ತೊಂದನೆಯ ಗೊಂಬೆ ಅಚ್ಚಿನಿಂದ ಹೊರಬಿದ್ದಾಗ ಕಲಾವಿದನ ಹಕ್ಕು ಅಪಾಯಕ್ಕೆ ಸಿಲುಕುತ್ತದೆ. ನೋಂದಾಯಿಸಿದರೂ 2000ದ ವಿನ್ಯಾಸ ಕಾಯ್ದೆಯಡಿ ಸಿಗುವ ರಕ್ಷಣೆ ಹೆಚ್ಚೆಂದರೆ 15 ವರ್ಷ. ಅದಕ್ಕೂ ವಿನ್ಯಾಸ ಮೊದಲೇ ಪ್ರಕಟವಾಗಿರಬಾರದು. ಉತ್ಸಾಹದಿಂದ ಹತ್ತು ಜನರಿಗೆ ತೋರಿಸಿ ಮಾರಿದ ಮೇಲೆ ನೋಂದಣಿಗೆ ಹೋದ ಕಲಾವಿದನಿಗೆ ಬಾಗಿಲು ಮುಚ್ಚಿರುವ ಸಂಭವವೇ ಹೆಚ್ಚು.

ಮೂಲ ಚಿತ್ರದ ಹಕ್ಕು ಎಲ್ಲಿ ನಿಲ್ಲುತ್ತದೆ, ವಿನ್ಯಾಸದ ಹಕ್ಕು ಎಲ್ಲಿ ಆರಂಭವಾಗುತ್ತದೆ ಎಂಬುದು ಹಳೆಯ ವಿವಾದ. 1941ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ‘ಪಾಪಾಯ್’ ನಾವಿಕನ ಅನಧಿಕೃತ ಗೊಂಬೆಗಳು ಮೂಲ ವ್ಯಂಗ್ಯಚಿತ್ರದ ಕೃತಿಸ್ವಾಮ್ಯವನ್ನು ಉಲ್ಲಂಘಿಸುತ್ತವೆ ಎಂದು ತೀರ್ಪಿತ್ತಿತು. ಆ ಚಿತ್ರಗಳನ್ನು ಬರೆದಾಗ ಸರಕು ತಯಾರಿಸುವ ಉದ್ದೇಶ ಇರಲಿಲ್ಲ ಎಂಬುದು ಅಲ್ಲಿ ನಿರ್ಣಾಯಕವಾಯಿತು. ಗೊಂಬೆಗೆಂದೇ ಚಿತ್ರ ಬರೆಯುವ ಇಂದಿನ ಕಲಾವಿದನಿಗೆ ಆ ತರ್ಕದಿಂದ ಸಮಾಧಾನ ಸಿಗದು. ನಮ್ಮ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಕೈಗಾರಿಕಾ ನಕ್ಷೆಗಳ ಪ್ರಕರಣವೊಂದರಲ್ಲಿ ಈ ಗಡಿಯನ್ನು ಗುರುತಿಸಲು ಎರಡು ಹಂತದ ಪರೀಕ್ಷೆಯನ್ನು ಸೂಚಿಸಿದೆ. ಕಾನೂನಿನಲ್ಲಿ ನಮಗೆ ಮಾದರಿಯಾಗಿದ್ದ ಬ್ರಿಟನ್, ಸಾಮೂಹಿಕವಾಗಿ ತಯಾರಾದ ಕಲಾಕೃತಿಗಳ ಹಕ್ಕನ್ನು 25 ವರ್ಷಗಳಿಗೆ ಸೀಮಿತಗೊಳಿಸಿದ್ದ ತನ್ನ ಕಲಮನ್ನು 2016ರಲ್ಲಿ ರದ್ದುಪಡಿಸಿತು. ನಾವಿನ್ನೂ ಐವತ್ತರ ಲೆಕ್ಕದಲ್ಲೇ ಇದ್ದೇವೆ.

ಮಾಡಬೇಕಾದ್ದು ಮೂರು. ಮೊದಲನೆಯದಾಗಿ, ಸಂಸತ್ತು 15ನೇ ಕಲಮನ್ನು ಪರಿಷ್ಕರಿಸಿ, ಗೊಂಬೆಯಂಥ ಕಲಾತ್ಮಕ ವಸ್ತುಗಳನ್ನಾದರೂ ಐವತ್ತರ ಮಿತಿಯಿಂದ ಹೊರಗಿಡಬೇಕು. ಎರಡನೆಯದಾಗಿ, ಅಲ್ಲಿಯವರೆಗೆ ರಾಜ್ಯ ಸರ್ಕಾರವು ವೈಯಕ್ತಿಕ ಕಲಾವಿದರ ಮತ್ತು ಕುಶಲಕರ್ಮಿಗಳ ವಿನ್ಯಾಸ ನೋಂದಣಿಗೆ ಶುಲ್ಕವನ್ನೂ ಕಾನೂನು ನೆರವನ್ನೂ ಒದಗಿಸಬೇಕು. ಪ್ರೋತ್ಸಾಹಧನದ ಮಾನದಂಡಗಳಲ್ಲಿ ಇಲ್ಲಿಯೇ ಒಡೆತನ ಉಳಿಯುವ ಪಾತ್ರಗಳಿಗೆ ಸ್ಥಾನ ಕೊಡಬೇಕು. ಮೂರನೆಯದು ಒಪ್ಪಂದಗಳ ವಿಚಾರ. ಬೇರೆ ಒಪ್ಪಂದವಿಲ್ಲದಿದ್ದರೆ ನೌಕರಿಯ ಅಂಗವಾಗಿ ಸೃಷ್ಟಿಸಿದ ಕೃತಿಯ ಮೊದಲ ಒಡೆಯ ಮಾಲೀಕನೇ ಎಂಬುದು ಈಗಿನ ಕಾನೂನು. ಆದ್ದರಿಂದ ಪಾತ್ರ ಕಲ್ಪಿಸಿದವನಿಗೆ, ಬೊಂಬೆ ಕಡೆದವನಿಗೆ ಪ್ರತಿ ಮಾರಾಟದಲ್ಲೂ ಪಾಲು ಸಿಗುವ ಮಾದರಿ ಒಪ್ಪಂದವೊಂದು ಕನ್ನಡದಲ್ಲಿ ಸಿದ್ಧವಾಗಬೇಕು. ಓದಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕಿದವನಿಂದ ಹಕ್ಕು ಕೇಳಲಾಗದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಳಗೇನಿದೆ ಎಂದು ತೋರಿಸದೆ ಮಾರುವ ಮುಚ್ಚಿದ ಪೆಟ್ಟಿಗೆಯ ವ್ಯಾಪಾರವನ್ನು ನಾವು ಅನುಕರಿಸಬೇಕಾಗಿಲ್ಲ. ಲಬುಬುವಿನ ಒಂದು ಸರಣಿಯಲ್ಲಿ ಅಪರೂಪದ ಗೊಂಬೆ ಸಿಗುವ ಸಂಭವ 72ರಲ್ಲಿ ಒಂದು. ಅದು ಅಂಗಡಿಯ ವ್ಯವಹಾರಕ್ಕಿಂತ ಲಾಟರಿಗೆ ಹತ್ತಿರ. ಚೀನಾ ದೇಶವೇ 2023ರಲ್ಲಿ ಮಾರ್ಗಸೂಚಿ ಹೊರಡಿಸಿ, ಎಂಟು ವರ್ಷದೊಳಗಿನ ಮಕ್ಕಳಿಗೆ ಇವನ್ನು ಮಾರಕೂಡದೆಂದು ವಿಧಿಸಿತು. ನಾವು ಕಲಿಯಬೇಕಾದ್ದು ಪೆಟ್ಟಿಗೆಯ ಜೂಜನ್ನಲ್ಲ, ಪಾತ್ರದ ಒಡೆತನವನ್ನು.

ನಮ್ಮಲ್ಲಿ ಇದು ಅಸಾಧ್ಯವೆನ್ನುವಂತಿಲ್ಲ. 2008ರಲ್ಲಿ ಪಕ್ಕದ ಹೈದರಾಬಾದಿನ ಸ್ಟುಡಿಯೊ ಒಂದು ‘ಛೋಟಾ ಭೀಮ್’ ಎಂಬ ಬಾಲಕನನ್ನು ಪರದೆಗೆ ತಂದು, ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡು, ಅವನ ಗೊಂಬೆಗಳನ್ನೂ ಚಿತ್ರಗಳನ್ನೂ ಮಾರಿ ಬೆಳೆಯಿತು. ಕೈಕೆಲಸವನ್ನು ನಾಳೆ ಇನ್ನೊಂದು ದೇಶ ಇನ್ನೂ ಅಗ್ಗವಾಗಿ ಮಾಡೀತು. ಯಂತ್ರವೇ ಮಾಡಿದರೂ ಆಶ್ಚರ್ಯವಿಲ್ಲ. ಒಡೆತನದಲ್ಲಿರುವ ಮುಖವನ್ನು ಮಾತ್ರ ಅಷ್ಟು ಸುಲಭವಾಗಿ ಕಸಿದುಕೊಳ್ಳಲಾಗದು. ಮುಂದಿನ ಬಾರಿ ಆಟಿಕೆ ಉದ್ಯಮದ ಕಡತವೊಂದು ವಿಧಾನಸೌಧದ ಮೆಟ್ಟಿಲೇರಿದಾಗ, ಆ ಐದನೆಯ ಕಲಮನ್ನು ಯಾರಾದರೂ ಸೇರಿಸಿರಲಿ.