ಹತ್ತು ಪ್ರಶ್ನೆಗಳಲ್ಲಿ ನಿಮ್ಮ ‘ಇಕ್ಯೂ’ ಎಷ್ಟೆಂದು ತಿಳಿಯುತ್ತದೆಯೇ?

‘ಈ ಹತ್ತು ಪ್ರಶ್ನೆಗಳಿಗೆ ಉತ್ತರಿಸಿ, ನಿಮ್ಮ ಇಕ್ಯೂ ತಿಳಿದುಕೊಳ್ಳಿ’ ಎಂಬ ಲಿಂಕ್ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಜೊತೆಗೊಂದು ಸಾಲು: ಜೀವನದ ಯಶಸ್ಸಿಗೆ ಐಕ್ಯೂ ಶೇ 20, ಇಕ್ಯೂ ಶೇ 80 ಕಾರಣ.

ಮೊದಲು ಈ ಸಾಲನ್ನೇ ನೋಡೋಣ. ಡೇನಿಯಲ್ ಗೋಲ್‌ಮನ್ 1995ರ ತಮ್ಮ ಪುಸ್ತಕದಲ್ಲಿ ಬರೆದದ್ದು, ಯಶಸ್ಸಿನಲ್ಲಿ ಐಕ್ಯೂ ಪಾಲು ಹೆಚ್ಚೆಂದರೆ ಶೇ 20, ಉಳಿದದ್ದು ಬೇರೆ ಸಂಗತಿಗಳದ್ದು ಎಂದು. ಆ ‘ಬೇರೆ’ಯಲ್ಲಿ ಹುಟ್ಟಿದ ಮನೆಯ ಸ್ಥಿತಿಗತಿ, ಅದೃಷ್ಟ ಎಲ್ಲವೂ ಸೇರಿವೆ. ಅಷ್ಟನ್ನೂ ಇಕ್ಯೂ ಖಾತೆಗೆ ಜಮಾ ಮಾಡಿದ್ದು ಓದಿದವರು. ಅದು ತಪ್ಪು ಓದು ಎಂದು ಮುಂದೆ ಗೋಲ್‌ಮನ್ ಅವರೇ ಸ್ಪಷ್ಟಪಡಿಸಿದರು.

ಹಾಗೆಂದು ಭಾವನಾತ್ಮಕ ಬುದ್ಧಿವಂತಿಕೆ ಎಂಬುದೇ ಸುಳ್ಳಲ್ಲ. ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ಅದನ್ನು ಒಂದು ಸಾಮರ್ಥ್ಯವೆಂದು ವಿವರಿಸಿದ್ದರು: ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸಿ, ನಿಭಾಯಿಸಿ, ಬಳಸಿಕೊಳ್ಳುವುದು. ಪ್ರಶ್ನೆ ಇರುವುದು ಅಳತೆಯಲ್ಲಿ.

ಕಿರಾಣಿ ಅಂಗಡಿಯ ತಕ್ಕಡಿ ಪ್ರತಿ ಸಲವೂ 50 ಗ್ರಾಂ ಹೆಚ್ಚು ತೋರಿಸುತ್ತದೆ ಎಂದುಕೊಳ್ಳಿ. ಅದರ ಉತ್ತರ ಬದಲಾಗುವುದಿಲ್ಲ, ಆದರೆ ಸರಿಯೂ ಅಲ್ಲ. ಪರೀಕ್ಷೆಗಳಲ್ಲಿ ಮೊದಲನೆಯದಕ್ಕೆ ವಿಶ್ವಾಸಾರ್ಹತೆ ಎನ್ನುತ್ತಾರೆ. ಅಳೆಯಬೇಕಾದದ್ದನ್ನೇ ಅಳೆಯುವ ಗುಣಕ್ಕೆ ಸಿಂಧುತ್ವ ಎಂದು ಹೆಸರು. ‘ಸಾವಿರಾರು ಜನರ ಮೇಲೆ ಪರೀಕ್ಷಿಸಲಾಗಿದೆ’ ಎನ್ನುವ ಜಾಹೀರಾತು ಎಷ್ಟೋ ಸಲ ಮೊದಲನೆಯದನ್ನಷ್ಟೇ ಹೇಳಿ ಸುಮ್ಮನಾಗುತ್ತದೆ.

ಸಿಂಧುತ್ವ ಪರೀಕ್ಷಿಸುವ ಒಂದು ದಾರಿ, ಅದೇ ಗುಣವನ್ನು ಬೇರೆ ವಿಧಾನದಲ್ಲಿ ಅಳೆದು ಹೋಲಿಸುವುದು. ‘ಇತರರ ಮನಸ್ಸು ನನಗೆ ಬೇಗ ಅರ್ಥವಾಗುತ್ತದೆ: ಹೌದು/ಇಲ್ಲ’ ಎನ್ನುವುದು ಸ್ವಂತ ವರದಿ. ಮುಖದ ಚಿತ್ರ ತೋರಿಸಿ ‘ಇಲ್ಲಿ ಯಾವ ಭಾವನೆ ಎಷ್ಟಿದೆ?’ ಎಂದು ಕೇಳುವುದು ಸಾಮರ್ಥ್ಯ ಪರೀಕ್ಷೆ. ಎರಡೂ ಒಂದನ್ನೇ ಅಳೆಯುವುದಾದರೆ ಅಂಕಗಳು ಒಟ್ಟಿಗೆ ಏರಿಳಿಯಬೇಕು, ಸಹಸಂಬಂಧ 1ರ ಕಡೆಗೆ ಬರಬೇಕು. 2006ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಅದು ಬಂದದ್ದು 0.2ರ ಆಸುಪಾಸು. ಅಂದರೆ ‘ನಾನು ಜಾಣ’ ಎಂದುಕೊಂಡವರಿಗೂ ನಿಜಕ್ಕೂ ಮುಖ ಓದಬಲ್ಲವರಿಗೂ ನಂಟು ಬಹಳ ತೆಳುವು.

2014ರ ಇನ್ನೊಂದು ಅಧ್ಯಯನ ಇದಕ್ಕಿಂತ ಕಸಿವಿಸಿಯದು. ಸಾಮರ್ಥ್ಯ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಪಡೆದವರೇ ತಮ್ಮನ್ನು ಅತಿಯಾಗಿ ಮೇಲಿಟ್ಟುಕೊಂಡಿದ್ದರು. ಫಲಿತಾಂಶ ತಿಳಿಸಿದಾಗ ಪರೀಕ್ಷೆಯೇ ಸರಿಯಿಲ್ಲವೆಂದರು, ಕಲಿಯುವುದರಲ್ಲೂ ಅಷ್ಟು ಆಸಕ್ತಿ ತೋರಲಿಲ್ಲ.

ನೌಕರಿಗೆ ಆಳು ಆರಿಸಲು ಇಂಥ ಪ್ರಶ್ನಾವಳಿ ಬಳಸಿದರೆ ಏನಾಗುತ್ತದೆ? 2008ರ ಒಂದು ಪ್ರಯೋಗದಲ್ಲಿ ‘ಕೆಲಸಕ್ಕೆ ಅರ್ಜಿ ಹಾಕಿದ್ದೇವೆ ಎಂದುಕೊಂಡು ಉತ್ತರಿಸಿ’ ಎಂದಾಗ ಸ್ವಂತ ವರದಿಯ ಅಂಕ ಏರಿತು, ಸಾಮರ್ಥ್ಯ ಪರೀಕ್ಷೆಯದು ಏರಲಿಲ್ಲ. ಪ್ರಾಮಾಣಿಕವಾಗಿ ‘ನನಗೆ ಕೋಪ ಬೇಗ ಬರುತ್ತದೆ’ ಎಂದು ಬರೆದವರೇ ಹಿಂದೆ ಬೀಳುತ್ತಾರೆ. ಈ ಅಂಕಗಳಿಂದ ಕೆಲಸದ ಸಾಧನೆಯನ್ನು ಸ್ವಲ್ಪ ಊಹಿಸಬಹುದು, ನಿಜ. ಆದರೆ ಶಿಸ್ತು, ಬೆರೆಯುವ ಸ್ವಭಾವ, ಆತ್ಮವಿಶ್ವಾಸ, ಸಾಮಾನ್ಯ ಬುದ್ಧಿಶಕ್ತಿ ಮುಂತಾದವುಗಳ ಪಾಲು ಕಳೆದ ಮೇಲೆ ಉಳಿಯುವುದು ಸೊನ್ನೆಗೆ ಹತ್ತಿರ ಎಂದು 2015ರ ವಿಶ್ಲೇಷಣೆ ತೋರಿಸಿತು.

ಸಾಮರ್ಥ್ಯ ಪರೀಕ್ಷೆಗಳೂ ದೋಷಮುಕ್ತವಲ್ಲ. ಹೆಸರುವಾಸಿಯಾದ ಎಂ.ಎಸ್.ಸಿ.ಇ.ಐ.ಟಿ.ಯ ಹಿಂದಿನ ಆವೃತ್ತಿಯಲ್ಲಿ 141 ಪ್ರಶ್ನೆಗಳಿದ್ದವು. ಸರಿಯುತ್ತರ ಯಾವುದೆಂದು ತೀರ್ಮಾನಿಸಿದ್ದು 21 ತಜ್ಞರ ಅಭಿಪ್ರಾಯ ಅಥವಾ ಸಾವಿರಾರು ಸಾಮಾನ್ಯರ ಒಮ್ಮತ. ಹೆಚ್ಚು ಜನ ಹೇಳಿದ್ದೇ ಸರಿ ಎಂದಾದರೆ, ಎಲ್ಲರಿಗಿಂತ ಸೂಕ್ಷ್ಮವಾಗಿ ಗ್ರಹಿಸುವವರಿಗೇ ಅಂಕ ಹೋಗುತ್ತದಲ್ಲ!

ಕನ್ನಡಕ್ಕೆ ಅನುವಾದವಾದ ಪ್ರಶ್ನಾವಳಿಯ ಕಥೆ ಬೇರೆಯೇ. ‘ಬೇಜಾರಾದಾಗ ಅದಕ್ಕೆ ಕಾರಣ ನನಗೆ ತಿಳಿಯುತ್ತದೆ’ ಎಂಬ ವಾಕ್ಯ ತೆಗೆದುಕೊಳ್ಳಿ. ನಮ್ಮಲ್ಲಿ ಬೇಜಾರು ಎಂದರೆ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ಯಾರ ಮೇಲೋ ಮುನಿಸೂ ಹೌದು. ಮೂವರು ಮೂರು ಅರ್ಥದಲ್ಲಿ ‘ಹೌದು’ ಒತ್ತಿದರೂ ಆ್ಯಪ್ ಮೂವರಿಗೂ ಒಂದೇ ಅಂಕ ಕೊಡುತ್ತದೆ. ಆದ್ದರಿಂದಲೇ ಸಂಶೋಧಕರು ಅನುವಾದವನ್ನು ಮತ್ತೊಬ್ಬರಿಂದ ಮೂಲ ಭಾಷೆಗೆ ತಿರುಗಿ ಅನುವಾದಿಸಿ ಹೋಲಿಸುತ್ತಾರೆ. ಆಮೇಲೆ ಕನ್ನಡಿಗರ ಮೇಲೆಯೇ ಸಿಂಧುತ್ವದ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.