ಆಕಾಶಕ್ಕೆ ಹೋದ ಹಲ್ವ ಯಸಳೂರಿಗೆ ಬಾರದೇ?

ಸಕಲೇಶಪುರ, ಆಲೂರು ಕಡೆ ಕಾಡಾನೆ ಕಾಯುವವರ ಕೆಲಸಕ್ಕೆ ಹೊತ್ತು ಗೊತ್ತು ಅಂತ ಇಲ್ಲ. ಹಿಂಡು ಎತ್ತ ಹೋದರೆ ಅತ್ತ ಇವರೂ ಹೋಗಬೇಕು. ಕಾಫಿ ತೋಟ, ಗದ್ದೆ, ಕಾಡು ಎಲ್ಲಾ ಕಾಲ್ನಡಿಗೆ. ಜೊತೆಗಿರುವುದು ಮನೆಯಿಂದ ಕಟ್ಟಿಕೊಂಡ ಬುತ್ತಿ. ಬೆಳಗಿನ ಅಕ್ಕಿರೊಟ್ಟಿ ಮಧ್ಯಾಹ್ನಕ್ಕೆ ಚಕ್ಕಳ, ಅನ್ನ ರಾತ್ರಿಗೆ ಹಳಸಲು. ಸುರಿಯುವ ಮಳೆ, ಹತ್ತಿರದಲ್ಲೇ ಆನೆ. ಒಲೆ ಹೂಡುವ ಮಾತೇ ಇಲ್ಲ.

ಇದೇ ಫಜೀತಿ ಸೈನಿಕರಿಗೂ ಇತ್ತು. ಅದಕ್ಕೆಂದೇ 1961ರಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ಅಲ್ಲಿನ ವಿಜ್ಞಾನಿಗಳು ತಿಂಗಳುಗಟ್ಟಲೆ ಕೆಡದ ಚಪಾತಿ ಮಾಡಿದರು. ಪಲಾವನ್ನು ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರಗಳ ಚೀಲಕ್ಕೆ ತುಂಬಿ, ಬಾಯಿ ಬೆಸೆದು, ಒತ್ತಡದಲ್ಲಿ 100 ಡಿಗ್ರಿಗೂ ಮೇಲೆ ಕಾಯಿಸಿದರು. ಒಳಗಿನ ಕ್ರಿಮಿ ಸಾಯುತ್ತೆ, ಹೊರಗಿನ ತೇವ ನುಗ್ಗಲ್ಲ. ಫ್ರಿಜ್ ಬೇಡ, ತಗಡಿನ ಡಬ್ಬಿಗಿಂತ ಹಗುರ. ಹರಿದು ಹಾಗೇ ತಿನ್ನಬಹುದು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮರಿಗೆ ರವೆ ಹಲ್ವ, ಪಲಾವು ಕಟ್ಟಿಕೊಟ್ಟದ್ದೂ ಇದೇ ಪ್ರಯೋಗಾಲಯ. ಈ ವಿದ್ಯೆ ಈಗ ಗುಟ್ಟೂ ಅಲ್ಲ. ಖಾಸಗಿ ಕಂಪೆನಿಗಳು ಕಲಿತು, ಇಂಥ ಚೀಲಗಳು ಪೇಟೆಯ ಅಂಗಡಿಯಲ್ಲೇ ಸಿಗುತ್ತವೆ.

2022ರಲ್ಲಿ ಸರ್ಕಾರ ಆನೆ ಕಾರ್ಯಪಡೆ ಕಟ್ಟಿತು. ಓಡಾಡಲು ಜೀಪಿದೆ, ಹುಡುಕಲು ಡ್ರೋನಿದೆ, ಆನೆಯ ಕೊರಳಿಗೆ ರೇಡಿಯೋ ಕಾಲರ್ ಇದೆ. ಕಾವಲುಗಾರನ ಬುತ್ತಿ ಮಾತ್ರ ಅವನ ಹೆಂಡತಿಯ ಜವಾಬ್ದಾರಿ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ.

ಈ ಕೆಲಸ ಎಂಥದ್ದು ಎಂಬುದು ಎಲ್ಲರಿಗೂ ಗೊತ್ತು. ಮೈಸೂರು ಜಿಲ್ಲೆಯ ಬಳ್ಳೆ ಶಿಬಿರದ ದಸರಾ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತಿತು. ಅಂಥ ಕಡೆ ಬರಿಗಾಲಲ್ಲಿ ಓಡಬೇಕಾದವನು ಬರಿಹೊಟ್ಟೆಯಲ್ಲಿ ಇರಬೇಕೇ? ಮೈಸೂರಿನಿಂದ ಆನೆ ಬರಬಹುದಾದರೆ ಬುತ್ತಿ ಬರಬಾರದೇ?

ದಿನಾ ಇದನ್ನೇ ತಿನ್ನಲಿ ಎಂದಲ್ಲ. ಬಿಸಿ ಮುದ್ದೆ, ಉಪ್ಸಾರಿಗೆ ಚೀಲದ ಪಲಾವು ಸಾಟಿಯಲ್ಲ. ಮನೆಗೆ ಮರಳಲಾಗದ ದಿನಕ್ಕೆಂದು ತಲೆಗೆ ಎರಡೆರಡು ಚೀಲ ಕೊಟ್ಟರೆ ಸಾಕು. ಖಾಲಿ ಚೀಲ ಕಾಡಲ್ಲಿ ಎಸೆಯದೆ ವಾಪಸ್ಸು ತರುವ ಕಟ್ಟುನಿಟ್ಟೂ ಇರಲಿ. ಇದಕ್ಕೆ ಹೊಸ ಸಂಶೋಧನೆ ಬೇಡ, ಸಮಿತಿ ಬೇಡ. ಆಕಾಶ ಮುಟ್ಟಿದ ಹಲ್ವಕ್ಕೆ ಯಸಳೂರು ದೂರವಲ್ಲ. ಅರಣ್ಯ ಇಲಾಖೆಯ ಸಾಹೇಬರು ಮನಸ್ಸು ಮಾಡುವರೇ?